‘ನಿಯಮ ಕಡಿಮೆ, ಮಜಾ ಜಾಸ್ತಿ’ ಅಂದಿರಿ. ಎಷ್ಟು ಕಡಿಮೆ?

ಜಮಖಂಡಿಯಿಂದ ಬರೆದ ಗೆಳೆಯರಿಗೆ,

ನಮಸ್ಕಾರ. ಕತ್ತಿ-ಮಾಟದ (ಸ್ವೋರ್ಡ್ ಅಂಡ್ ಸಾರ್ಸರಿ) ರೋಲ್‌ಪ್ಲೇ ಆಟಗಳ ಬಗ್ಗೆ ನೀವು ಬೆಳಗಾವಿಗೆ ಕಳಿಸಿದ ಲೇಖನ ಕೈಸೇರಿತು. ಟೇಬಲ್ ಸುತ್ತ ಕೂತು ಡೈಸ್ ಹಾಕಿ ಕಥೆ ಕಟ್ಟುವ ಈ ಆಟದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ನಿಮ್ಮ ವಾಕ್ಯಗಳು ಎಲ್ಲೂ ತೊಡರುವುದಿಲ್ಲ, ಶುರುವಾತು ಚೆನ್ನಾಗಿದೆ. ಹೊಗಳಿಕೆ ಇಷ್ಟೇ. ಈಗಿರುವ ಹಾಗೆ ಇದು ಅಚ್ಚಿಗೆ ಹೋಗುವುದಿಲ್ಲ. ಎರಡು ಜಾಗ ನನ್ನನ್ನು ಕೆಣಕಿದವು. ಅವನ್ನಷ್ಟೇ ಹಿಡಿದು ಜಗ್ಗುತ್ತೇನೆ, ಉಳಿದದ್ದಕ್ಕೆ ಕೈ ಹಾಕುವುದಿಲ್ಲ.

ಮೊದಲನೆಯದು ಮೂರನೇ ಪ್ಯಾರಾ.

“ಈ ಆಟಗಳಲ್ಲಿ ನಿಯಮಗಳ ಹೊರೆ ಇಲ್ಲ, ಕಲ್ಪನೆಗೆ ಅಪಾರ ಸ್ವಾತಂತ್ರ್ಯವಿದೆ.”

ಹೊರೆ ಇಲ್ಲ ಅಂದರೆ ಎಷ್ಟು ಇಲ್ಲ? ಈ ಬಗೆಯ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ಆವೃತ್ತಿಗೆ ಮೂರು ಮುಖ್ಯ ಪುಸ್ತಕ, ಒಂದೊಂದೂ 300 ಪುಟ ದಾಟುತ್ತದೆ. ಬೆನ್ ಮಿಲ್ಟನ್ 2018ರಲ್ಲಿ ತಂದ ನೇವ್ ಎಂಬ ಆಟ ಏಳೇ ಪುಟ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ‘ಅಪಾರ’ ತಾನಾಗಿಯೇ ಉದುರುತ್ತದೆ.

“ನಿಯಮ ಇಲ್ಲದ್ದರಿಂದ ಗೇಮ್ ಮಾಸ್ಟರ್ ಮನಸ್ಸಿಗೆ ಬಂದಂತೆ ನಡೆಸಬಹುದು.”

ಇದು ತಪ್ಪಷ್ಟೇ ಅಲ್ಲ, ಹೊಸಬರ ಆಟ ಕೆಡಿಸುವ ಮಾತು. ಪುಸ್ತಕ ತೆಳ್ಳಗಾದರೆ ತೀರ್ಮಾನದ ಕೆಲಸ ತಪ್ಪುವುದಿಲ್ಲ, ಅದು ಆಟ ನಡೆಸುವವರ ಹೆಗಲಿಗೆ ಬರುತ್ತದೆ. ಹೋದ ವಾರ ಕೋಟೆಯ ಗೋಡೆ ಹತ್ತಲು ಡೈಸೇ ಬೇಡ ಅಂದು, ಈ ವಾರ ಅದೇ ಗೋಡೆಗೆ ಡೈಸ್ ಹಾಕಿಸಿ ಒಬ್ಬನನ್ನು ಕೆಳಗೆ ಬೀಳಿಸಿದರೆ ಆಡುವವರ ನಂಬಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಗೋಡೆಯನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾರೆ. ಇದಕ್ಕೆ ಮದ್ದು ಸಣ್ಣದು. ಗರ ಬಿಡುವ ಮೊದಲೇ ಸೋತರೆ ಏನು ಹೋಗುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು: “ತಪ್ಪಿದರೆ ಬೀಳೋದಿಲ್ಲ, ಆದರ ಸಪ್ಪಳಕ್ಕ ಕಾವಲುಗಾರ ಎಚ್ಚರ ಆಗ್ತಾನ. ಹತ್ತೀಯೇನು?” ಕೊಟ್ಟ ತೀರ್ಪನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಟ್ಟು ಮುಂದಿನ ವಾರವೂ ಅದನ್ನೇ ಪಾಲಿಸಬೇಕು. ನಿಮ್ಮ ಲೇಖನದಲ್ಲಿ ಇದರ ಸುಳಿವೂ ಇಲ್ಲ.

“ಬಾರ್ಬೇರಿಯನ್ಸ್ ಆಫ್ ಲೆಮೂರಿಯಾದಲ್ಲಿ ಎರಡು ಡೈಸ್ ಹಾಕಿ 9 ಅಥವಾ ಹೆಚ್ಚು ಬಿದ್ದರೆ ಸಾಕು, ಅರ್ಧಕ್ಕರ್ಧ ಗೆಲುವು.”

ಇಲ್ಲಿ ಪೆನ್ನು ಕೆಳಗಿಟ್ಟೆ. ಆರು ಮುಖದ ಎರಡು ಡೈಸ್ ಬೀಳಲು 36 ದಾರಿ. 9ಕ್ಕೆ ನಾಲ್ಕು, 10ಕ್ಕೆ ಮೂರು, 11ಕ್ಕೆ ಎರಡು, 12ಕ್ಕೆ ಒಂದು, ಒಟ್ಟು ಹತ್ತು. 36ಕ್ಕೆ 10 ಅಂದರೆ ನೂರಕ್ಕೆ 28, ಅರ್ಧವಲ್ಲ. ಸೈಮನ್ ವಾಶ್‌ಬೋರ್ನ್ ಕಟ್ಟಿದ ಆ ಆಟದ ಸೊಗಸು ಇರುವುದೇ ಈ 28ರಲ್ಲಿ. ಬಲ, ಚುರುಕು, ಬುದ್ಧಿ, ಮೋಡಿ ಎಂಬ ನಾಲ್ಕು ಗುಣಕ್ಕೆ ಹಂಚಲು ಸಿಗುವುದು ನಾಲ್ಕು ಅಂಕ. ಕಳ್ಳ, ಹಡಗಿನವ, ಕೂಲಿ ಸಿಪಾಯಿ ಇಂಥ ನಾಲ್ಕು ಕಸುಬಿಗೆ ಇನ್ನು ನಾಲ್ಕು. ಚುರುಕು 2, ಕಳ್ಳತನ 2 ಇದ್ದವಳು ಬೀಗ ತೆಗೆಯುವಾಗ ಡೈಸಿಗೆ 4 ಕೂಡಿಸುತ್ತಾಳೆ. ಆಗ ಡೈಸಿನಲ್ಲಿ 5 ಬಿದ್ದರೂ ಸಾಕು, 36ಕ್ಕೆ 30, ನೂರಕ್ಕೆ 83. ಅದೇ ಹುಡುಗಿ ಸಿರಿವಂತರ ಔತಣಕ್ಕೆ ಹೋಗಿ ಸಭ್ಯಸ್ಥಳಂತೆ ಮಾತಾಡಬೇಕಾದರೆ, ಮೋಡಿಯೂ ಇಲ್ಲ, ಕಸುಬೂ ಇಲ್ಲ, ಮತ್ತೆ 28. ಮೂವತ್ತು ಕೌಶಲಗಳ ಪಟ್ಟಿ ಮಾಡುವ ಕೆಲಸವನ್ನು ‘ಕಳ್ಳ’ ಅನ್ನುವ ಒಂದು ಪದ ಮಾಡಿಬಿಟ್ಟಿತು. ಬೀಗ ತೆರೆಯುವುದು, ಕದ್ದ ಮಾಲು ಕೊಳ್ಳುವವನನ್ನು ಹುಡುಕುವುದು, ಹಿಂಬಾಲಿಸುವವನನ್ನು ಗುರುತಿಸುವುದು, ಎಲ್ಲ ಅದರೊಳಗೆ ಬಂತು. ಹಗುರ ಅಂದರೆ ಇದು. ನೀವು ಬರೆಯಬೇಕಿದ್ದ ಪ್ಯಾರಾ ಇದು.

“ಹೋರಾಟ ರೋಚಕವಾಗಿ, ವೇಗವಾಗಿ ಸಾಗುತ್ತದೆ.”

ಎಷ್ಟು ವೇಗವಾಗಿ? ನಾನು ಕರಡು ತಿದ್ದಲು ಕಲಿತಿದ್ದು ಪೇಟೆ ಧಾರಣೆಯ ಪುಟದಲ್ಲಿ. “ಬೆಲ್ಲದ ಧಾರಣೆ ಗಣನೀಯವಾಗಿ ಇಳಿಯಿತು” ಅಂತ ಬರೆದುಕೊಟ್ಟರೆ ಹಿರಿಯ ಉಪಸಂಪಾದಕರು ಬೈಯುತ್ತಿರಲಿಲ್ಲ, ‘ಗಣನೀಯ’ದ ಮೇಲೆ ಕೆಂಪು ಶಾಯಿಯಲ್ಲಿ “ಎಷ್ಟು? ಪೆಂಟಿಗೋ ಕ್ವಿಂಟಲ್‌ಗೋ?” ಅಂತ ಗೀಚಿ ಹಾಳೆ ವಾಪಸ್ ತಳ್ಳುತ್ತಿದ್ದರು. ಆ ಕೆಂಪು ಶಾಯಿ ಈಗ ನಿಮ್ಮ ಪಾಲಿಗೆ.

ನೀವೇ ಹೆಸರಿಸಿದ ಕೇರ್ನ್ ಆಟ ತೆಗೆದುಕೊಳ್ಳಿ, ಯೋಖೈ ಗಲ್ ಅವರದು. ಅದರಲ್ಲಿ ಏಟು ತಾಗಿತೋ ಇಲ್ಲವೋ ಅಂತ ಡೈಸ್ ಹಾಕುವ ಹಂತವೇ ಇಲ್ಲ, ಹೊಡೆದರೆ ತಾಗಿತು. ಕತ್ತಿಗೆ ಎಂಟು ಮುಖದ ಡೈಸ್. 6 ಬಿತ್ತು ಅನ್ನಿ. ಎದುರಿನ ಕಾವಲುಗಾರನ ಕವಚ 1, ಉಳಿದದ್ದು 5. ಅವನ ಎಚ್‌ಪಿ (ಗಾಯವಾಗದಂತೆ ಏಟು ತಡೆಯುವ ಅಂಕ) 3, ಅದು ಸೊನ್ನೆಯಾಯಿತು. ಮಿಕ್ಕ 2 ಅವನ ಬಲಕ್ಕೆ ಹೊಡೆದು 10 ಇದ್ದದ್ದು 8 ಆಯಿತು. ಈಗ ಅವನು ಇಪ್ಪತ್ತು ಮುಖದ ಡೈಸಿನಲ್ಲಿ 8 ಅಥವಾ ಕೆಳಗೆ ಹಾಕಬೇಕು, ನೂರಕ್ಕೆ 40. ತಪ್ಪಿದರೆ ನೆಲಕ್ಕೆ, ತೆವಳುವುದೊಂದು ಬಿಟ್ಟು ಬೇರೇನೂ ಆಗದು, ಒಂದು ಗಂಟೆಯೊಳಗೆ ಯಾರೂ ಉಪಚರಿಸದಿದ್ದರೆ ಸತ್ತ. ಎರಡು ಸಲ ಡೈಸ್ ಹಾಕುವಷ್ಟರಲ್ಲಿ ಒಬ್ಬ ಮುಗಿದ. ನಿಮ್ಮ ಕಡೆಯವರಿಗೂ ಇದೇ ಲೆಕ್ಕ. ಹಾಗಾಗಿ ಈ ಆಟ ಬಲ್ಲವರು ಕತ್ತಿ ಹಿರಿಯುವ ಮೊದಲು ಮಾತಾಡುತ್ತಾರೆ, ಲಂಚ ಕೊಡುತ್ತಾರೆ, ಓಡುತ್ತಾರೆ. ಎಚ್‌ಪಿ ಒಂದು ಗುಟುಕು ನೀರು ಕುಡಿದು ಕೂತರೆ ಮರಳುತ್ತದೆ. ಬಲ ಮರಳಲು ವೈದ್ಯನ ಆರೈಕೆಯಲ್ಲಿ ವಾರವೇ ಬೇಕು. ‘ರೋಚಕ’ ಅನ್ನುವ ಪದಕ್ಕಿಂತ ಆ ಒಂದು ವಾರ ಹೆಚ್ಚು ಹೆದರಿಸುತ್ತದೆ.

(ಅಂದಹಾಗೆ, ಇದೇ ಜಾಗದಲ್ಲಿ ನೀವು “ವಿಮರ್ಶಾತ್ಮಕ ಹಾನಿ” ಅಂತ ಬರೆದಿದ್ದೀರಿ. ಹಾನಿಯನ್ನು ಕೂತು ವಿಮರ್ಶೆ ಮಾಡಿದವರು ಯಾರು? ಆಡುವಾಗ ‘ಕ್ರಿಟಿಕಲ್’ ಅಂತೀರಲ್ಲ, ಹಾಗೇ ಬರೆಯಿರಿ.)

ಎರಡನೆಯದು ನಿಮ್ಮ ಮಾದರಿ ಸಾಹಸ. “ಮಾಂತ್ರಿಕ ಕೈಬೀಸಿ ಬೆಂಕಿಯ ಮಳೆ ಸುರಿಸಿದ. ದುಷ್ಟ ಚಕ್ರವರ್ತಿ ಅಳಿದ. ಲೋಕ ಉಳಿಯಿತು.” ಇದು ಬೇರೆ ಜಾತಿಯ ಕಥೆ. ಕತ್ತಿ-ಮಾಟದ ಪ್ರಕಾರ ಹುಟ್ಟಿದ್ದು 1974ರಲ್ಲಿ ಅಂತಲೂ ಬರೆದಿದ್ದೀರಿ. ಅದು ಡಂಜನ್ಸ್ ಅಂಡ್ ಡ್ರಾಗನ್ಸ್ ಅಚ್ಚಾದ ವರ್ಷ. ಕಥೆಗಾರ ರಾಬರ್ಟ್ ಹೋವರ್ಡ್ ಅವರ ಕತ್ತಿವೀರ ಕೋನನ್ 1932ರಲ್ಲೇ ಪತ್ರಿಕೆಯಲ್ಲಿ ಬಂದಿದ್ದ, ಪ್ರಕಾರಕ್ಕೆ ಈ ಹೆಸರು ಸೂಚಿಸಿದ್ದು 1961ರಲ್ಲಿ ಇನ್ನೊಬ್ಬ ಕಥೆಗಾರ ಫ್ರಿಟ್ಜ್ ಲೈಬರ್. ಆ ಕಥೆಗಳ ನಾಯಕರಿಗೆ ಲೋಕದ ಚಿಂತೆ ಕಡಿಮೆ, ಸಾಲ, ಹಸಿವು, ತಲೆ ಉಳಿಸಿಕೊಳ್ಳುವ ಚಿಂತೆ ಜಾಸ್ತಿ. ಲೆಮೂರಿಯಾದ ಒಂದು ನಿಯಮ ಇದನ್ನು ಎಷ್ಟು ಚೆಂದ ಹಿಡಿದಿದೆ ನೋಡಿ: ದೋಚಿ ತಂದ ಚಿನ್ನವನ್ನು ಹೇಗೆ ಉಡಾಯಿಸಿದಿರಿ ಅನ್ನುವುದನ್ನು ಆಟಗಾರರು ವರ್ಣಿಸಬೇಕು, ಪಾತ್ರ ಬೆಳೆಯುವುದು ಅದರಿಂದ. ಮುಂದಿನ ಸಾಹಸಕ್ಕೆ ಮತ್ತೆ ಬರಿಗೈ. ಲೋಕ ಉಳಿಸುವ ಪ್ರತಿಜ್ಞೆ ಯಾರಿಗೆ ಬೇಕು?

ಇನ್ನು ಮಾಟ. ಕೈಬೀಸಿದರೆ ಬೆಂಕಿ ಸುರಿಯುವುದಾದರೆ ಕತ್ತಿ ಯಾಕೆ ಹಿಡಿಯಬೇಕು? ಮಾಟಕ್ಕೆ ಬೆಲೆ ಇರಬೇಕು, ಆ ಬೆಲೆ ಟೇಬಲ್ ಮೇಲೆ ಕಾಣಬೇಕು. ಕೇರ್ನ್ ಕಾಡು-ಕಿನ್ನರರ ಕಡೆಯ ಆಟ, ಕಟ್ಟುನಿಟ್ಟಾಗಿ ಕತ್ತಿ-ಮಾಟದ್ದಲ್ಲ. ಆದರೂ ಅದರ ಸಾಮಾನಿನ ಲೆಕ್ಕವನ್ನು ಎತ್ತಿಕೊಂಡು ಬಂದರೆ ಇಲ್ಲಿ ಸರಿಯಾಗಿ ಕೂಡುತ್ತದೆ. ಸಾಮಾನು ಹೊರಲು ಒಬ್ಬರಿಗೆ ಹತ್ತು ಖಾನೆ. ಮಂತ್ರದ ಪುಸ್ತಕಕ್ಕೊಂದು ಖಾನೆ, ಮಂತ್ರ ಹೇಳಿದಾಗಲೆಲ್ಲ ದಣಿವು ಇನ್ನೊಂದು ಖಾನೆ ತಿನ್ನುತ್ತದೆ. ಹತ್ತೂ ತುಂಬಿದರೆ ಎಚ್‌ಪಿ ಸೊನ್ನೆ. ರಾತ್ರಿಪೂರ್ತಿ ಮಲಗೆದ್ದರೆ ಮಾತ್ರ ದಣಿವು ಹೋಗುತ್ತದೆ.

ನಿಮ್ಮ ಸಾಹಸವನ್ನು ಓಕ್ ಪೀಪಾಯಿಯ ಹೆಂಡದಂಗಡಿಯಿಂದ ಎಬ್ಬಿಸಿ ವಿಜಯಪುರಕ್ಕೆ ಕರೆತನ್ನಿ. ತೊರವಿಯಿಂದ ಊರಿಗೆ ನೀರು ತರಲು ಆದಿಲ್‌ಶಾಹಿ ಕಾಲದಲ್ಲಿ ಕೊರೆದ ಸುರಂಗಗಳಿವೆ, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ನೆಟ್ಟಗೆ ಇಳಿದ ಬಾವಿಗಳಿವೆ. ಸಾಹಸಕ್ಕೆ ಇಳಿಯುವ ನೆಲಮಾಳಿಗೆ, ನೀವನ್ನುವ ಡಂಜನ್, ಇದಕ್ಕಿಂತ ಒಳ್ಳೆಯದು ಯಾವುದು? ನಿಮ್ಮ ಮಾಂತ್ರಿಕನ ಹತ್ತಿರ ಕತ್ತಿ, ಎರಡು ಮಂತ್ರದ ಪುಸ್ತಕ, ಲಾಟೀನು, ಎಣ್ಣೆ, ಹಗ್ಗ, ಬುತ್ತಿ: ಏಳು ಖಾನೆ. ಎರಡು ಮಂತ್ರ ಹೇಳಿದ, ಒಂಬತ್ತಾಯಿತು. ಮೂರನೆಯದಕ್ಕೆ ಬಾಯಿ ತೆರೆಯುವ ಮೊದಲು ಏನನ್ನಾದರೂ ಎಸೆಯಬೇಕು. ಹಗ್ಗ ಎಸೆದರೆ ಬಾವಿಯಿಂದ ಮೇಲೆ ಹತ್ತುವ ದಾರಿ ಹೋಯಿತು. ಲಾಟೀನು ಎಸೆದರೆ ಕತ್ತಲು.

ಲಾಟೀನಿಗೂ ಬೆಲೆ ಕಟ್ಟಿ. ಡೇವಿಡ್ ಬ್ಲ್ಯಾಕ್ ಅವರ ದಿ ಬ್ಲ್ಯಾಕ್ ಹ್ಯಾಕ್‌ನಿಂದ (2016) ಒಂದು ಉಪಾಯ ಎರವಲು ತನ್ನಿ. ಎಣ್ಣೆಗೆ ಆರು ಮುಖದ ಡೈಸ್ ಇಡಿ. ಬಳಸಿದಾಗಲೆಲ್ಲ ಹಾಕಿ, 1 ಅಥವಾ 2 ಬಿದ್ದರೆ ನಾಲ್ಕು ಮುಖದ್ದಕ್ಕೆ ಇಳಿಯಿತು, ಅದರಲ್ಲೂ 1 ಅಥವಾ 2 ಬಿದ್ದರೆ ಎಣ್ಣೆ ಖಾಲಿ. ಸರಾಸರಿ ಮೂರು ಸಲ, ಆಮೇಲೆ ಎರಡು ಸಲ, ಒಟ್ಟು ಐದು. ಆದರೆ ಮೊದಲೆರಡು ಸಲದಲ್ಲೇ ಆರಿಹೋಗುವುದೂ ಉಂಟು, ಆರಕ್ಕೊಂದು ಪಾಲು. ಎಷ್ಟು ಎಣ್ಣೆ ಉಳಿದಿದೆ ಅಂತ ಯಾರೂ ಎಣಿಸಬೇಕಿಲ್ಲ, ಎಲ್ಲರಿಗೂ ಭಯ ಮಾತ್ರ ಇರುತ್ತದೆ.

ಇಡೀ ಲೇಖನ ಮತ್ತೆ ಬರೆಯಬೇಡಿ. ಮೂರನೇ ಪ್ಯಾರಾ ಮತ್ತು ಆ ಸಾಹಸ, ಎರಡೇ ಸಾಕು, 400 ಪದ ಮೀರದಿರಲಿ. ಬರೆಯುವ ಮೊದಲು ಒಂದು ಸಂಜೆ ಗೆಳೆಯರ ಜೊತೆ ಆಡಿ, ಬಿದ್ದ ಅಂಕಿಗಳನ್ನು ಬಿದ್ದ ಹಾಗೇ ಗುರುತು ಹಾಕಿಕೊಳ್ಳಿ. ಲಾಟೀನು ಎಷ್ಟನೇ ಸಲಕ್ಕೆ ಆರಿತು, ಆಗ ಹಗ್ಗ ಯಾರ ಕೈಯಲ್ಲಿತ್ತು ಅನ್ನುವುದು ಬಿಟ್ಟುಹೋಗದಿರಲಿ.

ಇತಿ,
ಸಂಪಾದಕ