ದಿನಾ ಬಾದಾಮಿ ತಿಂದರೂ ಅಪ್ಪನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿದಿಲ್ಲ ಅಂದಿದ್ದಕ್ಕೆ

ಬಾದಾಮಿ, ಗೋಡಂಬಿ ಶುರು ಮಾಡಿದ ಮೇಲೆ ತಂದೆಯವರ ತೂಕ ಏರಿದೆ, ಎಲ್‌ಡಿಎಲ್ ಹಾಗೇ ಇದೆ ಅಂದಿದ್ದೀರಿ. ಕಾರಣ ಬಹುಶಃ ಸಂಜೆಯ ಮದ್ದೂರು ವಡೆ. ಅದರ ಬದಲಿಗೆ ಕೊಡಬೇಕಾದ್ದನ್ನು ಅದರ ಜೊತೆಗೇ ಕೊಡುತ್ತಿದ್ದೀರಿ ಅಲ್ವಾ? 30 ಗ್ರಾಂ ಬಾದಾಮಿಯಲ್ಲೇ ಸುಮಾರು 170 ಕ್ಯಾಲೊರಿ ಇರುತ್ತೆ. ನಮ್ಮ ಅಮ್ಮನಿಗೂ ಹೀಗೇ ಆಗಿತ್ತು.

ಮೊದಲು ವಡೆ ಬಿಡಿಸಿ. ಆಮೇಲೆ ಒಮ್ಮೆ 30 ಗ್ರಾಂ ತೂಗಿ ಅವರ ಅಂಗೈಗೇ ಹಾಕಿ. ಬಾದಾಮಿಯಾದರೆ ಸುಮಾರು 25 ಬರುತ್ತೆ, ಅಷ್ಟೇ ದಿನದ ಲೆಕ್ಕ. ಡಬ್ಬ ಮುಂದಿಟ್ಟುಕೊಂಡು ಟಿವಿ ನೋಡಿದರೆ ಈ ಲೆಕ್ಕ ಉಳಿಯಲ್ಲ. ಅರ್ಧದಷ್ಟು ವಾಲ್‌ನಟ್ ಆದರೆ ಒಳ್ಳೆಯದು. ಸ್ಪೇನಿನ ಪ್ರೆಡಿಮೆಡ್ ಅಧ್ಯಯನದಲ್ಲಿ ಕೊಟ್ಟಿದ್ದೂ ದಿನಕ್ಕೆ 30 ಗ್ರಾಂ, ಅದರಲ್ಲಿ ಅರ್ಧ ವಾಲ್‌ನಟ್. ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿ ನೋಡಿದಾಗ ಅಲ್ಲಿ ಕಡಿಮೆಯಾಗಿತ್ತು. ಆದರೆ ಅವರ ಊಟವೂ ತರಕಾರಿ, ಕಾಳು, ಹಣ್ಣಿನದ್ದೇ.

ವಾಲ್‌ನಟ್ ದುಬಾರಿ ಅನಿಸಿದರೆ ಮನೆಯಲ್ಲಿ ಸುಮ್ನೆ ಹುರಿದ ಕಡಲೆಕಾಯಿ ಬೀಜ ಅದೇ 30 ಗ್ರಾಂ ಲೆಕ್ಕದಲ್ಲಿ ಕೊಡಿ, ಅದೂ ಸಾಕು. ಕಾಂಗ್ರೆಸ್ ಕಡಲೆಬೀಜ ಮಾತ್ರ ಬೇಡ, ಬಿಪಿ ಇರುವವರಿಗೆ ಆ ಉಪ್ಪು ಜಾಸ್ತಿ.

ಸಿಆರ್‌ಪಿ, ಅಂದರೆ ರಕ್ತದಲ್ಲಿ ಉರಿಯೂತವನ್ನು ತೋರಿಸುವ ಅಂಶ, ಇಳಿಯುತ್ತಾ ಅಂತ ಕೇಳಿದ್ದಿರಿ. ಕೆಲವು ಅಧ್ಯಯನಗಳಲ್ಲಿ ಇಳಿದಿದೆ, ಕೆಲವದರಲ್ಲಿ ಇಲ್ಲ. ಅದನ್ನೇ ನೆಚ್ಚಿಕೊಳ್ಳಬೇಡಿ. ಎಲ್‌ಡಿಎಲ್ ಇಳಿಯುವುದು ಹೆಚ್ಚು ಖಚಿತ, ಆದರೆ ಸ್ವಲ್ಪವೇ. ಹಾಗಾಗಿ ಡಾಕ್ಟರು ಕೊಟ್ಟ ಮಾತ್ರೆ ದಯವಿಟ್ಟು ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಇದ್ದರೆ ಅವರನ್ನು ಕೇಳಿಯೇ ಶುರು ಮಾಡಿ. ಮೂರು ತಿಂಗಳು ಹೀಗೆ ನಡೆಸಿ, ಮತ್ತೆ ಲಿಪಿಡ್ ಪ್ರೊಫೈಲ್ ಮಾಡಿಸಿ.