ರೆಕಮೆಂಡ್ ಆದ ಮೇಲೆ, ಪಟ್ಟಿ ಬರುವ ಮುನ್ನ: ಚಳ್ಳಕೆರೆಯ ಗಡಿಯಿಂದ ಒಂದು ಉತ್ತರ

ಚಳ್ಳಕೆರೆಯ ಕಡೆ ವಿಮಾನಗಳ ಪರೀಕ್ಷಾ ನೆಲೆಯೇ ಇರುವಾಗ ಅಲ್ಲಿನ ಮಕ್ಕಳಿಗೆ ವಾಯುಪಡೆಯ ಪೈಲಟ್ ಆಗುವುದು ಬೇರೆಯವರಿಗಿಂತ ಸುಲಭವಾಗಿರಬೇಕಲ್ಲವೇ ಎಂದು ನೀವು ಕೇಳಿದ್ದೀರಿ. ನನ್ನ ತಮ್ಮನ ಮಗಳು ಈಗ ಅದೇ ಆಯ್ಕೆಯ ಕೊನೆಯ ಹಂತದಲ್ಲಿ ನಿಂತು ಪಟ್ಟಿಗಾಗಿ ಕಾಯುತ್ತಿರುವುದರಿಂದ, ಮತ್ತು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳಾದ ನಾನು ಮೊದಲ ದಿನದಿಂದ ಅವಳ ಜೊತೆಗೇ ಇರುವುದರಿಂದ, ಕಂಡದ್ದನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ಆ ನೆಲೆಯ ವಿಚಾರ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಹೋಬಳಿಯಲ್ಲಿ, ದನ ಕುರಿ ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಪರೀಕ್ಷಾ ವಲಯವಿದೆ; 2017ರ ಮೇ 28ರಂದು ಅದರ ಉದ್ಘಾಟನೆಯಾಯಿತು. ಅಲ್ಲಿ ಮುಖ್ಯವಾಗಿ ಪರೀಕ್ಷೆಯಾಗುವುದು ಪೈಲಟ್ ಇಲ್ಲದೆ ಹಾರುವ ವಿಮಾನಗಳು. ಅದು ತರಬೇತಿ ಶಾಲೆಯಲ್ಲ, ಪೈಲಟ್ ಆಯ್ಕೆಗೂ ಅದಕ್ಕೂ ಸಂಬಂಧವಿಲ್ಲ, ಸುತ್ತಲಿನ ಹಳ್ಳಿಯವರಿಗೆ ಆ ಆಯ್ಕೆಯಲ್ಲಿ ಮೀಸಲಾತಿಯೂ ಇಲ್ಲ. ನಮ್ಮ ಜನ ಕಂಡಿರುವುದು ಹೆಚ್ಚಾಗಿ ಅದರ ಕಾಂಪೌಂಡ್ ಗೋಡೆಯನ್ನು. ಆದರೆ ಆಸೆ ಹುಟ್ಟುವುದಕ್ಕೆ ಒಳಗೆ ಹೋಗಲೇಬೇಕೆಂದಿಲ್ಲ. 2023ರ ಏಪ್ರಿಲ್ 2, ಭಾನುವಾರ. ಕಾಲೇಜಿಗೆ ರಜೆಯಿದ್ದುದರಿಂದ ಅವಳು ನಾಯಕನಹಟ್ಟಿಯ ಕಡೆಯ ನೆಂಟರ ಮನೆಯಲ್ಲಿದ್ದಳು. ಬೆಳಗ್ಗೆ ಏಳರ ಹೊತ್ತಿಗೆ ಎರಡು ದೊಡ್ಡ ರೆಕ್ಕೆಚಕ್ರಗಳ ಹೆಲಿಕಾಪ್ಟರೊಂದು ಹೊಟ್ಟೆಯಡಿ ಏನನ್ನೋ ತೂಗಿಸಿಕೊಂಡು ಮೇಲೇರಿತಂತೆ. ಅದು ವಾಯುಪಡೆಯ ಚಿನೂಕ್, ಕೆಳಗೆ ತೂಗುತ್ತಿದ್ದುದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ, ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಮೇಲೆ ಅದು ತಾನಾಗಿಯೇ ಓಡುದಾರಿಗೆ ಇಳಿಯಿತು ಎಂಬುದೆಲ್ಲ ಸಂಜೆಯ ಸುದ್ದಿಯಲ್ಲಿ ತಿಳಿಯಿತು. ಊರಿನವರೆಲ್ಲ ಇಳಿದ ವಾಹನದ ಬಗ್ಗೆ ಮಾತಾಡುತ್ತಿದ್ದರೆ ಇವಳು ಹೊತ್ತೊಯ್ದವರ ಬಗ್ಗೆ ಕೇಳುತ್ತಿದ್ದಳು. "ಅತ್ತೆ, ಆ ಹೆಲಿಕಾಪ್ಟರ್‌ನಲ್ಲಿ ಮನುಷ್ಯರು ಕೂತಿದ್ದರಲ್ಲ, ಅವರು ಎಲ್ಲಿಂದ ಬಂದವರು?" ಎಂದು ಅವಳು ಕೇಳಿದ ಮಾತು ನನಗೆ ಇನ್ನೂ ನೆನಪಿದೆ.

ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ, ಕೆಲವರ ಹೊಲದ ಬದು ದಾಟಿದರೆ ಆಂಧ್ರದ ಅನಂತಪುರ ಜಿಲ್ಲೆ. ನನ್ನ ತಾಯಿ ಕಲ್ಯಾಣದುರ್ಗದ ಕಡೆಯವರು, ಮೊಮ್ಮಗಳೊಂದಿಗೆ ಇಂದಿಗೂ ತೆಲುಗಿನಲ್ಲೇ ಮಾತಾಡುತ್ತಾರೆ. ಶೇಂಗಾ ಮಾರುವುದು ಚಳ್ಳಕೆರೆಯಲ್ಲಿ, ಹೆಣ್ಣು ತರುವುದು ಕೊಡುವುದು ಎರಡೂ ಕಡೆಗೆ, ಮೊಬೈಲಿಗೆ ಸಿಗ್ನಲ್ ಸಿಗುವುದು ಆ ಕಡೆಯ ಟವರಿನಿಂದ. ಇಂಥ ಊರಿನಲ್ಲಿ ಸೈನ್ಯ ಹೊಸ ವಿಷಯವೇನೂ ಅಲ್ಲ; ಬೆಳಗಿನ ಐದಕ್ಕೆ ರಸ್ತೆಯ ಮೇಲೆ ಓಡುವ ಹುಡುಗರು ಯಾವಾಗಲೂ ಇರುತ್ತಾರೆ. ಅವರೆಲ್ಲ ಓಡುವುದು ಸಿಪಾಯಿ, ಪೊಲೀಸ್ ಅಥವಾ ಅಗ್ನಿವೀರ್ ಭರ್ತಿಗಾಗಿ. ವಾಯುಪಡೆಗೆ ಸೇರುವುದು ಬೇರೆ, ಅದರಲ್ಲಿ ಅಧಿಕಾರಿಯಾಗಿ ವಿಮಾನ ಹಾರಿಸುವುದು ಬೇರೆ, ಎರಡಕ್ಕೂ ದಾರಿಗಳೇ ಬೇರೆ ಎಂಬುದನ್ನು ನಮ್ಮ ಮನೆಯವರಿಗೆ ತಿಳಿಹೇಳಲು ನಮಗೆ ಒಂದು ವರ್ಷವೇ ಹಿಡಿಯಿತು.

ದಾರಿಗಳು ಮುಖ್ಯವಾಗಿ ಎರಡು. ಪಿಯುಸಿ ಮುಗಿಸುವ ಹೊತ್ತಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎ ಪರೀಕ್ಷೆ ಬರೆದು ಪುಣೆಯ ಹತ್ತಿರದ ಖಡಕ್‌ವಾಸ್ಲಾಕ್ಕೆ ಹೋಗುವುದು ಒಂದು. ಅವಳು 2020ರಲ್ಲಿ ಪಿಯುಸಿ ಮುಗಿಸಿದಾಗ ಆ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ತೆರೆಯಿತು, 2022ರಲ್ಲಿ ಮೊದಲ ತಂಡ ಒಳಗೆ ಹೋಯಿತು. ಅಷ್ಟರಲ್ಲಿ ಇವಳ ವಯಸ್ಸು ಮೀರಿತ್ತು. ಉಳಿದದ್ದು ಪದವಿಯ ನಂತರದ ದಾರಿ, ಎಲ್ಲರೂ ಆಫ್‌ಕ್ಯಾಟ್ ಎನ್ನುವ ವಾಯುಪಡೆಯ ಸಾಮಾನ್ಯ ಪ್ರವೇಶ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಹಾರಾಟ ವಿಭಾಗಕ್ಕೆ ವಯಸ್ಸು 20ರಿಂದ 24ರ ಒಳಗಿರಬೇಕು, ಪದವಿಯಲ್ಲಿ ಶೇ. 60 ಅಂಕ ಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡರಲ್ಲೂ ತಲಾ ಶೇ. 50 ಬಂದಿರಬೇಕು.

ಈ ಕೊನೆಯ ಷರತ್ತಿನ ಹತ್ತಿರ ನಾನು ಸ್ವಲ್ಪ ನಿಲ್ಲಬೇಕು. ನನ್ನ ತರಗತಿಯಲ್ಲಿ ಗಣಿತದಲ್ಲಿ ಚುರುಕಾಗಿದ್ದ ಎಷ್ಟೋ ಹುಡುಗಿಯರು, ವಿಜ್ಞಾನ ವಿಭಾಗವಿರುವ ಪಿಯು ಕಾಲೇಜು ದೂರ, ಬೆಳಗಿನ ಬಸ್ಸು ತಪ್ಪಿದರೆ ಇನ್ನೊಂದಿಲ್ಲ ಎಂಬ ಒಂದೇ ಕಾರಣಕ್ಕೆ ಕಲಾ ವಿಭಾಗಕ್ಕೆ ಸೇರಿದ್ದಾರೆ. ಹದಿನಾರನೆಯ ವಯಸ್ಸಿನಲ್ಲಿ, ಜೂನ್ ತಿಂಗಳ ಒಂದು ಮಧ್ಯಾಹ್ನ ತುಂಬಿದ ಆ ಅರ್ಜಿಯಿಂದ ಯಾವ ಯಾವ ದಾರಿ ಮುಚ್ಚಿತೆಂದು ಅವರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಿರಲಿಲ್ಲ, ಏಕೆಂದರೆ ನನಗೂ ಗೊತ್ತಿರಲಿಲ್ಲ. ಈಗ ಪ್ರತಿ ವರ್ಷ ಹತ್ತನೆಯ ತರಗತಿಯಲ್ಲಿ ಹೇಳುತ್ತೇನೆ.

ಅರ್ಜಿ ತುಂಬುವುದರಲ್ಲಿ ಗಡಿನಾಡಿನವರಿಗೆ ಒಂದು ವಿಶೇಷ ತೊಡಕಿದೆ, ಅದು ಹೆಸರಿನ ತೊಡಕು. ತಿಪ್ಪೇಸ್ವಾಮಿ ಎಂಬ ನಮ್ಮ ಕಡೆಯ ಸಾಮಾನ್ಯ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಒಬ್ಬರು ಟಿ ಆದ ಮೇಲೆ ಎಚ್ ಹಾಕುತ್ತಾರೆ, ಒಬ್ಬರು ಬಿಡುತ್ತಾರೆ, ಕೊನೆಯ ಅಕ್ಷರ ಒಂದು ಕಡೆ ವೈ, ಇನ್ನೊಂದು ಕಡೆ ಐ. ಆಂಧ್ರದವರು ಮನೆತನದ ಹೆಸರನ್ನು ಮುಂದೆ ಬರೆಯುತ್ತಾರೆ, ನಮ್ಮಲ್ಲಿ ಇನಿಶಿಯಲ್ ಸಾಕು. ಅವಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇತ್ತು. ತಿದ್ದಿಸಲು ಹೋದ ಕಚೇರಿಯಲ್ಲಿ ಆರು ವಾರ ಅಲೆದಾಡಿಸಿದರು. ಮೂರನೆಯ ಸಲ ಹೋದಾಗ ನಾವು ಕೊಟ್ಟಿದ್ದ ಕಾಗದಗಳೇ ಕಾಣೆಯಾಗಿದ್ದವು, ಮತ್ತೆ ಮೊದಲಿನಿಂದ ಕೊಡಬೇಕಾಯಿತು. ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಉಳಿದಿರುವಾಗ ಅರ್ಜಿ ಸಲ್ಲಿಕೆಯಾಯಿತು. ಆ ಆರು ವಾರ ಅವಳು ಓದಿದ್ದಕ್ಕಿಂತ ಬಸ್ಸಿನಲ್ಲಿ ಕೂತದ್ದೇ ಹೆಚ್ಚು ಎಂಬ ಸಂಕಟ ನನ್ನಲ್ಲಿ ಇನ್ನೂ ಆರಿಲ್ಲ.

ಲಿಖಿತ ಪರೀಕ್ಷೆ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ನಡೆಯಿತು: ಎರಡು ಗಂಟೆ, 100 ಪ್ರಶ್ನೆ, 300 ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಅದನ್ನು ದಾಟಿದವರಿಗೆ ಆಯ್ಕೆ ಮಂಡಳಿಯ ಕರೆ ಬರುತ್ತದೆ. ಅಂಥ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇರುವುದು ನಮ್ಮ ಪುಣ್ಯ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲಿ ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ಮಸುಕಾದ ಚಿತ್ರವೊಂದನ್ನು ಮೂವತ್ತು ಸೆಕೆಂಡು ತೋರಿಸಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ. ಬಂದವರಲ್ಲಿ ಬಹಳ ಜನ ಅದೇ ದಿನ ಊರಿಗೆ ಮರಳುತ್ತಾರೆ. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆಗಳು, ಮೈದಾನದ ಗುಂಪು ಕಾರ್ಯಗಳು, ಸಂದರ್ಶನ ನಡೆಯುತ್ತವೆ.

ಅವುಗಳಲ್ಲಿ ನಮ್ಮನ್ನು ಹೆದರಿಸಿದ್ದು ಪದಗಳ ಪರೀಕ್ಷೆ. ಅರವತ್ತು ಇಂಗ್ಲಿಷ್ ಪದಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತವೆ, ಒಂದೊಂದಕ್ಕೆ ಹದಿನೈದು ಸೆಕೆಂಡಿನಲ್ಲಿ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಅಜ್ಜಿಯೊಂದಿಗೆ ತೆಲುಗು, ಅಪ್ಪನೊಂದಿಗೆ ಕನ್ನಡ, ಪುಸ್ತಕದೊಂದಿಗೆ ಮಾತ್ರ ಇಂಗ್ಲಿಷ್ ಇರುವ ಹುಡುಗಿ ಆ ಹದಿನೈದು ಸೆಕೆಂಡಿನಲ್ಲಿ ಪದವನ್ನು ಕನ್ನಡಕ್ಕೆ ತಂದು, ಯೋಚಿಸಿ, ಮತ್ತೆ ಇಂಗ್ಲಿಷಿಗೆ ಒಯ್ಯುವಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ. ಎರಡು ತಿಂಗಳು ಪ್ರತಿ ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಗೋಡೆ ಗಡಿಯಾರವನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು ನಾನು ಪದ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಮೊದಲ ವಾರ ಅರ್ಧಕ್ಕರ್ಧ ಖಾಲಿ. ಒಂದು ಸಂಜೆ ನಾನು 'ರೈನ್' ಎಂದೆ. ಹದಿನೈದು ಸೆಕೆಂಡು ಮುಗಿಯಿತು, ಮುಂದಿನ ಪದ ಹೇಳಿದೆ, ಅವಳ ಪೆನ್ನು ನಿಲ್ಲಲಿಲ್ಲ. ಬಿತ್ತಿದ ಬೀಜ ಒಣಗಿದ ವರ್ಷ ಅಪ್ಪ ಎರಡನೆಯ ಸಲ ಬೀಜ ತಂದದ್ದನ್ನು ನಾಲ್ಕು ಸಾಲು ಬರೆದುಬಿಟ್ಟಿದ್ದಳು. ಅದನ್ನೇ ಒಂದು ವಾಕ್ಯ ಮಾಡು ಎಂದೆ. "ಮಳೆ ಕೈಕೊಟ್ಟರೂ ರೈತ ಮತ್ತೆ ಬಿತ್ತುತ್ತಾನೆ" ಎಂಬ ಅರ್ಥದ ಆರು ಪದಗಳ ಇಂಗ್ಲಿಷ್ ವಾಕ್ಯ ಬಂತು. ಅಂದಿನಿಂದ ಖಾಲಿ ಬಿಡುವುದು ಕಡಿಮೆಯಾಯಿತು.

ಮೈಸೂರಿನಲ್ಲಿ ಎಲ್ಲಕ್ಕಿಂತ ಕಠಿಣವಾದ ಬಾಗಿಲು ಪೈಲಟ್ ಆಗುವ ಸಾಮರ್ಥ್ಯದ ಗಣಕೀಕೃತ ಪರೀಕ್ಷೆ. ಕೈಯಲ್ಲಿ ಸ್ಟಿಕ್, ಕಾಲಡಿ ಪೆಡಲ್, ಕಣ್ಣು ಪರದೆಯ ಮೇಲೆ. ಇದನ್ನು ಒಬ್ಬರು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಅಲ್ಲಿ ಬಿದ್ದರೆ ವಾಯುಪಡೆಯಲ್ಲಿ ಪೈಲಟ್ ಆಗುವ ಆಸೆಯನ್ನು ಅಲ್ಲಿಗೇ ಬಿಡಬೇಕು. ಅವಳು ಅದರಲ್ಲಿ ಪಾಸಾದಳು. ಕೊನೆಯ ದಿನ, ಎದೆಯ ಮೇಲೆ ಕಟ್ಟಿಕೊಂಡಿದ್ದ ಬಟ್ಟೆಯ ಚೆಸ್ಟ್ ನಂಬರನ್ನು ಕೂಗಿ ಹೇಳಿದರು. ರಾತ್ರಿ ಫೋನ್ ಮಾಡಿ, "ಅತ್ತೆ, ರೆಕಮೆಂಡ್ ಆದೆ" ಎಂದಳು.

ಆ ಮಾತಿನಿಂದಲೇ ನಮ್ಮ ಕಾಯುವಿಕೆಯ ಕಷ್ಟ ಶುರುವಾಯಿತು. ನಮ್ಮ ಕಡೆ ರೆಕಮೆಂಡೇಶನ್ ಅಂದರೆ ವಶೀಲಿ. ಮರುದಿನ ಬೆಳಗ್ಗೆ ಹಾಲು ಹಾಕಲು ಬಂದವರು ತಮ್ಮನನ್ನು ಬಹಳ ಆದರದಿಂದಲೇ ಕೇಳಿದರು: ಯಾರ ಕಡೆಯಿಂದ ಹೇಳಿಸಿದಿರಿ, ಎಂಎಲ್‌ಎ ಅವರಿಂದಲೋ, ಎಂಪಿಯವರಿಂದಲೋ? ಕೇಳಿದವರಲ್ಲಿ ಕೆಡುಕಿರಲಿಲ್ಲ, ಸರ್ಕಾರಿ ಕೆಲಸ ಹಾಗೆಯೇ ಸಿಗುತ್ತದೆಂಬುದು ಅವರ ಬದುಕಿನ ಅನುಭವ. ಮಂಡಳಿಯ ಅಧಿಕಾರಿಗಳು ಇವಳನ್ನು ಯೋಗ್ಯಳೆಂದು ಶಿಫಾರಸು ಮಾಡಿದ್ದಾರೆ, ಇದರಲ್ಲಿ ಹೊರಗಿನವರ ಮಾತು ನಡೆಯುವುದಿಲ್ಲ ಎಂದು ತಮ್ಮ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಇನ್ನು ಕೆಲವರು ಕೆಲಸವೇ ಸಿಕ್ಕಿತೆಂದು ತಿಳಿದು ಹಾರ ತಂದರು. ಅವರಿಗೆ, ಇನ್ನೂ ಸಿಕ್ಕಿಲ್ಲ, ವೈದ್ಯಕೀಯ ಪರೀಕ್ಷೆಯಿದೆ, ಅದಾದ ಮೇಲೆ ಲಿಖಿತ ಪರೀಕ್ಷೆಯ ಅಂಕ ಮತ್ತು ಮಂಡಳಿಯ ಅಂಕ ಕೂಡಿಸಿ ಅಖಿಲ ಭಾರತ ಮೆರಿಟ್ ಪಟ್ಟಿ ಮಾಡುತ್ತಾರೆ, ಆ ಸಲ ಎಷ್ಟು ಸ್ಥಾನವಿದೆಯೋ ಅಷ್ಟೇ ಜನರನ್ನು ಕರೆಯುತ್ತಾರೆ, ಎಲ್ಲದರಲ್ಲೂ ಪಾಸಾದವರೂ ಪಟ್ಟಿಯಿಂದ ಹೊರಗುಳಿಯಬಹುದು ಎಂದು ಹೇಳಬೇಕಾಯಿತು. ಪಾಸಾದ ಮೇಲೂ ಸಿಗದಿರಬಹುದು ಎಂದರೆ ದುಡ್ಡು ಕೇಳುತ್ತಿದ್ದಾರೇನೋ ಎಂದು ಅನುಮಾನಿಸಿದವರೂ ಇದ್ದರು. ಇಷ್ಟು ಶುದ್ಧವಾಗಿ ಅವಳು ಗಳಿಸಿಕೊಂಡದ್ದರ ಮೇಲೆ ಆ ನೆರಳು ಬೀಳುವುದು ನನಗೆ ಸಹಿಸಲಾಗದ ನೋವು.

ವೈದ್ಯಕೀಯ ಪರೀಕ್ಷೆ ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಆಯಿತು. ಅದಕ್ಕೆ ಮೊದಲೇ ನನ್ನ ತಮ್ಮ ದರ್ಜಿಯ ಅಂಗಡಿಯಿಂದ ಟೇಪು ತಂದು, ಮಗಳನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂರಿಸಿ, ಕಾಲಿನ ಉದ್ದ ಅಳೆದಿದ್ದ. ಕಾಕ್‌ಪಿಟ್‌ಗೆ ಹೊಂದಬೇಕಾದುದರಿಂದ ಎತ್ತರ ಕನಿಷ್ಠ 162.5 ಸೆಂಟಿಮೀಟರ್, ಕಾಲು ಕನಿಷ್ಠ 99 ಸೆಂಟಿಮೀಟರ್ ಇರಬೇಕು. 101 ಬಂತು. ನಂಬಿಕೆ ಬಾರದೆ ಮೂರು ಸಲ ಅಳೆದ. ಹಲ್ಲಿನದು ಇನ್ನೊಂದು ಭಯ: ನಮ್ಮ ಕಡೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುವುದು ಮಾಮೂಲು, ಅಲ್ಲಿ ಹಲ್ಲಿಗೂ ಕನಿಷ್ಠ 14 ಅಂಕ ಬೇಕು. ಅದೂ ದಾಟಿತು. ಫಿಟ್ ಎಂದು ಬರೆದ ದಿನ ನನ್ನ ತಮ್ಮ ನಾಯಕನಹಟ್ಟಿಗೆ ಹೋಗಿ ತಿಪ್ಪೇರುದ್ರಸ್ವಾಮಿಗೆ ಕಾಯಿ ಒಡೆಸಿಕೊಂಡು ಬಂದ.

ಈಗ ಉಳಿದಿರುವುದು ಪಟ್ಟಿ. ತರಬೇತಿ ಜುಲೈಯಲ್ಲಿ ಹೈದರಾಬಾದಿನ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಆರಂಭವಾಗಬೇಕು. ಫೈಟರ್ ವಿಭಾಗಕ್ಕೆ ಆರಿಸಿದರೆ ಹಾಕ್ ವಿಮಾನದ ತರಬೇತಿಗೆ ನಮ್ಮದೇ ರಾಜ್ಯದ ಬೀದರಿಗೆ ಬರುತ್ತಾರೆ. 2016ರಲ್ಲಿ ಮೊದಲ ಮೂವರು ಮಹಿಳೆಯರು ಫೈಟರ್ ವಿಭಾಗಕ್ಕೆ ಬಂದದ್ದನ್ನು ಅವಳು ಶಾಲೆಯಲ್ಲಿದ್ದಾಗಲೇ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಮಾತ್ರ ಬೇಕಾದದ್ದು ಇಂದಿಗೂ ಹೆಲಿಕಾಪ್ಟರ್. ಇದರ ನಡುವೆ ಗಡಿಯಾಚೆಯ ನೆಂಟರ ಕಡೆಯಿಂದ ಎರಡು ಸಂಬಂಧಗಳು ಬಂದವು. ಇಪ್ಪತ್ತೈದರೊಳಗಿನವರು ಅವಿವಾಹಿತರಾಗಿರಬೇಕು, ತರಬೇತಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ ಎಂಬ ನಿಯಮವನ್ನು ನನ್ನ ತಮ್ಮ ಅಧಿಸೂಚನೆಯಿಂದ ಓದಿ ಹೇಳಿದ. ಅವರು ಒಪ್ಪಿದರು, ಪಟ್ಟಿಯಲ್ಲಿ ಹೆಸರಿರದಿದ್ದರೆ ತಿಳಿಸಿ ಎಂದೂ ಹೇಳಿ ಹೋದರು. ಆ ಮಾತು ಅವಳ ಕಿವಿಗೂ ಬಿದ್ದಿದೆ.

ಈ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಏನು ಎಂದೂ ನೀವು ಕೇಳಿದ್ದೀರಿ. ವಯಸ್ಸನ್ನು ಲೆಕ್ಕ ಹಾಕುವುದು ತರಬೇತಿ ಶುರುವಾಗುವ ಹೊತ್ತಿಗೆ. ಮುಂದಿನ ತಂಡಕ್ಕೆ ಅನ್ವಯಿಸುವ, ಬರುವ ಜನವರಿ 1ಕ್ಕೆ ಅವಳಿಗೆ 24 ತುಂಬಿರುವುದಿಲ್ಲ, ಅದರ ಮುಂದಿನ ಜುಲೈಗೆ ತುಂಬಿರುತ್ತದೆ. ಆದ್ದರಿಂದ ಇನ್ನೊಂದೇ ಅವಕಾಶ, ಅದರ ಲಿಖಿತ ಪರೀಕ್ಷೆಯನ್ನು ಫೆಬ್ರವರಿಯಲ್ಲೇ ಬರೆದಿಟ್ಟಿದ್ದಾಳೆ. ಪೈಲಟ್ ಸಾಮರ್ಥ್ಯದ ಪರೀಕ್ಷೆಯಲ್ಲಿ ಒಮ್ಮೆ ಪಾಸಾದದ್ದು ಉಳಿಯುತ್ತದೆ, ಉಳಿದೆಲ್ಲವನ್ನೂ ಮೊದಲಿನಿಂದ ಮಾಡಬೇಕು.

ರೋಹಿಣಿ ಮಳೆ ಒಂದು ಹದ ಬಿದ್ದಿದೆ. ಹಗಲು ಅವಳು ಅಜ್ಜಿಯ ಜೊತೆ ಕೂತು ಬೀಜಕ್ಕೆ ಶೇಂಗಾ ಸುಲಿಯುತ್ತಾಳೆ, ಸಂಜೆ ಆರಕ್ಕೆ ನೀರಿನ ಟ್ಯಾಂಕಿನ ಹತ್ತಿರದ ಹುಣಸೆಮರದ ಕೆಳಗೆ ಹೋಗುತ್ತಾಳೆ. ಪಟ್ಟಿ ತೆರೆಯುವಷ್ಟು ಸಿಗ್ನಲ್ ಊರಿನಲ್ಲಿ ಅಲ್ಲಿ ಮಾತ್ರ ಸಿಗುತ್ತದೆ. ಮೊದಮೊದಲು ಒಬ್ಬಳೇ ಹೋಗುತ್ತಿದ್ದಳು. ಈಗ ನನ್ನ ತರಗತಿಯ ಮೂವರು ಹುಡುಗಿಯರು ಅವಳ ಜೊತೆ ಹೋಗುತ್ತಿದ್ದಾರೆ, ಅವರಲ್ಲಿ ಇಬ್ಬರು ಈ ಜೂನ್‌ನಲ್ಲಿ ಚಳ್ಳಕೆರೆಯಲ್ಲಿ ವಿಜ್ಞಾನ ವಿಭಾಗಕ್ಕೆ ಅರ್ಜಿ ಹಾಕಿದ್ದಾರೆ. ನಿನ್ನೆ ಸಂಜೆಯವರೆಗೆ ಪಟ್ಟಿ ಬಂದಿಲ್ಲ. ಬಂದ ದಿನ ನಿಮಗೆ ಬರೆಯುತ್ತೇನೆ.