ಮಣ್ಣು ತೇವವಿದೆ, ಗಿಡ ಬಾಡುತ್ತಿದೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಬಾಲ್ಕನಿಯಲ್ಲಿ 12 ಇಂಚಿನ ಕುಂಡದಲ್ಲಿ ಕರಿಬೇವು ಇದೆ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತೇನೆ, ಕೆಳಗಿನ ತಟ್ಟೆಗೂ ಇಳಿದು ಬರುತ್ತದೆ. ಆದರೂ ಏಪ್ರಿಲ್‌ನಿಂದ ಎಲೆ ಜೋತು ಬಿದ್ದು ಉದುರುತ್ತಿದೆ. ನೀರು ಹೆಚ್ಚಾಯಿತೇ, ಕಡಿಮೆಯಾಯಿತೇ?
— ಓದುಗರೊಬ್ಬರು, ಡೊಂಬಿವಲಿ

ಹೆಚ್ಚಾಗಿ ಕಡಿಮೆಯೇ. ತಟ್ಟೆಗೆ ಇಳಿದ ನೀರು ಬೇರನ್ನು ಮುಟ್ಟಿರುವುದು ಅನುಮಾನ. ನರ್ಸರಿಯಿಂದ ತಂದ ಕುಂಡಗಳ ಮಣ್ಣಿನಲ್ಲಿ ಸಾಮಾನ್ಯವಾಗಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿರುತ್ತಾರೆ. ಅದು ಒಮ್ಮೆ ಪೂರ್ತಿ ಒಣಗಿತೆಂದರೆ ಬೇಗ ನೀರು ಹೀರುವುದಿಲ್ಲ. ಮೇಲೆ ಬಿದ್ದ ಹನಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳುತ್ತದೆ. ಜೊತೆಗೆ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ನೀವು ಹಾಕಿದ ಚೊಂಬು ನೀರು ಆ ಸಂದಿನಿಂದಲೇ ತಟ್ಟೆಗೆ ಜಾರುತ್ತದೆ.

ಖಾತ್ರಿ ಮಾಡಿಕೊಳ್ಳಲು, ನೀರು ಹಾಕಿ ಅರ್ಧ ಗಂಟೆ ಬಿಟ್ಟು ಒಂದು ಕಡ್ಡಿಯನ್ನು ಕುಂಡದ ನಡುವೆ ನಾಲ್ಕು ಇಂಚು ಚುಚ್ಚಿ ತೆಗೆಯಿರಿ. ಒಣ ಪುಡಿ ಮಾತ್ರ ಅಂಟಿದ್ದರೆ ಮೇಲೆ ಹೇಳಿದ್ದೇ ಕಾರಣ. ಕುಂಡವನ್ನು ದೊಡ್ಡ ಟಬ್ಬಿನಲ್ಲಿ ಇಟ್ಟು, ಕುಂಡದ ಮುಕ್ಕಾಲು ಎತ್ತರದವರೆಗೆ ನೀರು ತುಂಬಿ. ಗುಳ್ಳೆ ಬರುವುದು ನಿಲ್ಲುವ ತನಕ, ಅಂದರೆ ಸುಮಾರು 30–40 ನಿಮಿಷ ಬಿಟ್ಟು, ಎತ್ತಿ ಬಸಿಯಲು ಇಡಿ. ಎತ್ತಲಾಗದ ಕುಂಡವಾದರೆ ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಕಾಯಿರಿ, ಮತ್ತೊಂದು ಲೋಟ, ಮತ್ತೆ ಹತ್ತು ನಿಮಿಷ. ಹೀಗೆ ಐದಾರು ಸಲ. ಆಮೇಲೆ ಮೇಲ್ಮಣ್ಣನ್ನು ಬೆರಳಲ್ಲಿ ಸಡಿಲಿಸಿ, ಗೋಡೆಯ ಸಂದಿಗೆ ಮಣ್ಣು ತುಂಬಿ, ಎರಡು ಇಂಚು ಒಣ ಎಲೆ ಹೊದಿಸಿ. ಬಾಲ್ಕನಿ ಪಶ್ಚಿಮಕ್ಕಿದ್ದರೆ ಕುಂಡಕ್ಕೆ ಗೋಣಿ ಸುತ್ತಿ. ಕಪ್ಪು ಪ್ಲಾಸ್ಟಿಕ್ ಕುಂಡ ಕಾದು ಗೋಡೆಗೆ ತಾಗಿದ ಬೇರು ಬೆಂದೇ ಹೋಗುತ್ತದೆ.

ಕಡ್ಡಿಗೆ ಹಸಿ ಮಣ್ಣು ಅಂಟಿ ಕೊಳೆತ ವಾಸನೆ ಬಂದರೆ ಕಥೆ ಉಲ್ಟಾ. ಗಾಳಿಯಿಲ್ಲದೆ ಬೇರು ಸತ್ತಿದೆ, ಸತ್ತ ಬೇರು ನೀರು ಎತ್ತುವುದಿಲ್ಲ. ತಟ್ಟೆ ತೆಗೆದುಹಾಕಿ, ಮೇಲಿನ ಎರಡು ಇಂಚು ಒಣಗುವವರೆಗೆ ನೀರು ಬೇಡ.

ದೌಂಡ್ ಕಡೆ ನಮ್ಮದೊಂದು ತುಂಡು ಎರೆ (ಕಪ್ಪು ಜಿಗುಟು ಮಣ್ಣಿನ) ಹೊಲ, ನಿಂಬೆ ಹಾಕಿದ್ದೇವೆ. ಅಡಿ ಆಳ ಅಗೆದರೆ ಹೆಂಟೆ ಕೈಗೆ ತಂಪಾಗಿ ಹತ್ತುತ್ತದೆ, ಆದರೆ ಗಿಡ ಬೆಳಿಗ್ಗೆಯೇ ಬಾಡಿರುತ್ತದೆ. ಎಲೆ ಹಳದಿಯಾಗಿದ್ದಕ್ಕೆ ಯೂರಿಯಾ ಕೊಟ್ಟೆವು, ಇನ್ನೂ ಕೆಟ್ಟಿತು.
— ಓದುಗರೊಬ್ಬರು, ಪುಣೆ

ಮಣ್ಣಿನಲ್ಲಿ ನೀರು ಎಷ್ಟಿದೆ ಎನ್ನುವುದಕ್ಕಿಂತ ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎನ್ನುವುದು ಗಿಡಕ್ಕೆ ಮುಖ್ಯ. ಬೇರಿಗೆ ಪಂಪು ಎನ್ನುವಂಥದ್ದು ಹೆಚ್ಚೇನಿಲ್ಲ. ಎಲೆಯ ರಂಧ್ರಗಳಿಂದ ನೀರು ಆವಿಯಾದಂತೆ ಕಾಂಡದೊಳಗಿನ ನೀರಿನ ಎಳೆ ಮೇಲಕ್ಕೆ ಜಗ್ಗುತ್ತದೆ, ಆ ಎಳೆತವೇ ಬೇರಿನ ಮೂಲಕ ಮಣ್ಣಿನ ತನಕ ಇಳಿಯುತ್ತದೆ. ನೀರು ಹಾಯಿಸಿ ಎರಡು ದಿನ ಬಸಿದ ಮಣ್ಣಿನಿಂದ ನೀರು ಬಿಡಿಸಿಕೊಳ್ಳಲು ವಾತಾವರಣದ ಒತ್ತಡದ ಮೂರನೇ ಒಂದು ಪಾಲು ಎಳೆತ ಸಾಕು. ಒಣಗುತ್ತಾ ಹೋದಂತೆ ಉಳಿದ ನೀರು ಕಣಗಳ ಮೈಗೆ ತೆಳು ಪದರವಾಗಿ ಅಂಟಿಕೊಳ್ಳುತ್ತದೆ. ಎಳೆತ 15 ವಾತಾವರಣದಷ್ಟು ಬೇಕಾದಾಗ ಬಹುತೇಕ ಬೆಳೆಗಳು ಕೈಚೆಲ್ಲುತ್ತವೆ. ಕಾರಿನ ಟೈರಿನಲ್ಲಿ ಇರುವುದು ಎರಡು ವಾತಾವರಣದ ಆಸುಪಾಸು, ಲೆಕ್ಕ ಹಾಕಿ.

ಎರೆಯ ಕಣ ಅತಿ ಸಣ್ಣದು, ಮೈ ಜಾಸ್ತಿ, ಹಿಡಿತವೂ ಜಾಸ್ತಿ. ಗಿಡ ಸೋತು ಕುಳಿತಾಗಲೂ 100 ಗ್ರಾಂ ಒಣ ಮಣ್ಣಿಗೆ 20 ಗ್ರಾಂನ ಆಸುಪಾಸು ನೀರು ಅದರಲ್ಲಿ ಉಳಿದಿರುತ್ತದೆ. ಮರಳಿನಲ್ಲಾದರೆ ನಾಲ್ಕೈದು ಗ್ರಾಂ. ನಿಮ್ಮ ಕೈಗೆ ಹತ್ತಿದ ತಂಪು ಆ ಉಳಿಕೆಯದು, ಗಿಡದ ಪಾಲಿಗೆ ಅದು ಇಲ್ಲದ ಹಾಗೇ.

ಇನ್ನು ಯೂರಿಯಾ. ಒಣ ಮಣ್ಣಿನ ಅಲ್ಪ ನೀರಿನಲ್ಲಿ ಗೊಬ್ಬರ ಕರಗಿದಾಗ ದ್ರಾವಣ ಗಟ್ಟಿಯಾಗಿ, ಬೇರಿಗೆ ನೀರು ಎಳೆಯುವುದು ಇನ್ನಷ್ಟು ಕಷ್ಟವಾಗುತ್ತದೆ. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುವುದೂ ಇದೇ ಕಾರಣಕ್ಕೆ. ಮಳೆ ಹಿಡಿಯುವ ತನಕ ರಾಸಾಯನಿಕ ಗೊಬ್ಬರ ಮುಟ್ಟಬೇಡಿ.

ಈಗ ಮಾಡಬೇಕಾದ್ದು: ಬಿರುಕುಗಳನ್ನು ಮುಚ್ಚಿ. ಎರೆ ಸೀಳಿದಾಗ ಸಣ್ಣ ಬೇರು ಹರಿಯುತ್ತದೆ, ಆಳದ ತೇವವೂ ಸೀಳಿನಿಂದ ಆವಿಯಾಗಿ ಹೋಗುತ್ತದೆ. ಎರಡು ಇಂಚಿಗಿಂತ ಆಳ ಹೋಗದಂತೆ ಮೇಲೆ ಮೇಲೆ ಕೆದಕಿ, ಕಬ್ಬಿನ ರವದಿಯನ್ನು (ಒಣಗಿದ ಸೋಗೆ; ಅಲ್ಲಿಯವರು ಪಾಚಟ್ ಎನ್ನುತ್ತಾರಲ್ಲ, ಅದೇ) ನಾಲ್ಕು ಇಂಚು ಹಾಸಿ. ಬುಡ ಬಿಟ್ಟು, ಕೊಂಬೆಗಳ ತುದಿಯ ನೆರಳು ಬೀಳುವ ಕಡೆ ನೀರು ಕೊಡಿ. ಹೀರುವ ಎಳೆ ಬೇರುಗಳು ಅಲ್ಲಿ ಹೆಚ್ಚು. ಮರುದಿನ ಅರ್ಧ ಇಂಚಿನ ಕಬ್ಬಿಣದ ಸರಳು ಒತ್ತಿ ನೋಡಿ: ತೇವ ಇಳಿದಷ್ಟು ಆಳಕ್ಕೆ ಸರಳು ಸಲೀಸಾಗಿ ಹೋಗಿ, ಒಣ ಮಣ್ಣಿಗೆ ತಾಗಿ ನಿಲ್ಲುತ್ತದೆ. ಒಂದೂವರೆ ಅಡಿಗಿಂತ ಮೊದಲೇ ನಿಂತರೆ ನೀರು ಸಾಲಲಿಲ್ಲ.

ನೀರು ಕೊಟ್ಟ ಮಾರನೇ ದಿನವೇ ಗಿಡ ಎದ್ದು ನಿಲ್ಲುತ್ತದೆಂದು ಕಾಯಬೇಡಿ. ಬೇರುತುದಿಯ ಹಿಂದಿನ ರೋಮಗಳು ಬರದಲ್ಲಿ ಸತ್ತಿರುತ್ತವೆ, ಬೇರೂ ಸೊರಗಿ ಮಣ್ಣಿನಿಂದ ಬಿಟ್ಟುಕೊಂಡಿರುತ್ತದೆ. ಹೊಸ ತುದಿ ಚಿಗುರಬೇಕು. ಅಲ್ಲಿಯವರೆಗೆ ಕೆರೆ ತುಂಬಿದಂತೆ ನೀರು ನಿಲ್ಲಿಸಿದರೆ ಉಳಿದ ಬೇರೂ ಕೊಳೆಯುತ್ತದೆ.

ನಮ್ಮ ಹಿತ್ತಲಿನ ಕೆಂಪು ಕಲ್ಲಿನ ನೆಲದಲ್ಲಿ ಮಾವು ಒಂದು ತೊಟ್ಟು ನೀರಿಲ್ಲದೆ ಮೇ ತಿಂಗಳಲ್ಲೂ ಹಸಿರಾಗಿದೆ, ಪಕ್ಕದ ತೆಂಗಿನ ಗರಿ ಮಾತ್ರ ಜೋತು ಬಿದ್ದಿದೆ. ಏಕೆ?
— ಓದುಗರೊಬ್ಬರು, ಪೋಂಡಾ, ಗೋವಾ

ತೆಂಗಿಗೆ ತಾಯಿಬೇರು ಇಲ್ಲ. ಬುಡದಿಂದ ಹೊರಟ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತ ಸುಮಾರು ಆರು ಅಡಿ ದೂರದೊಳಗೆ, ಮೇಲ್ಮಣ್ಣಿನಲ್ಲೇ ಇರುತ್ತವೆ. ಮುರಕಲ್ಲಿನ (ನೀವು ಹೇಳಿದ ಕೆಂಪು ಕಲ್ಲು) ಮೇಲಿನ ಮಣ್ಣು ಮಳೆ ನಿಂತ ಮೇಲೆ ಬೇಗ ಬರಿದಾಗುತ್ತದೆ. ಮಾವಿನ ತಾಯಿಬೇರು ಕಲ್ಲಿನ ಬಿರುಕು ಹಿಡಿದು ಆಳಕ್ಕೆ ಇಳಿದಿರುತ್ತದೆ. ದೂರದ ನೀರಿನ ವಾಸನೆ ಹಿಡಿದು ಬೇರು ಹೋಗುತ್ತದೆ ಎನ್ನುವುದು ಸುಳ್ಳು. ತೇವ ತಾಗಿದ ಕಡೆ ಬೆಳೆಯುತ್ತದೆ, ಒಣಗಿದ ಕಡೆ ನಿಲ್ಲುತ್ತದೆ, ಅಷ್ಟೇ. ಕೆಲವು ಮರಗಳಲ್ಲಿ ಇನ್ನೊಂದು ಸೋಜಿಗವಿದೆ: ರಾತ್ರಿ ಎಲೆರಂಧ್ರ ಮುಚ್ಚಿದಾಗ ಆಳದ ಬೇರು ತಂದ ನೀರು ಮೇಲಿನ ಬೇರುಗಳಿಂದ ಒಣ ಮಣ್ಣಿಗೆ ಒಸರುತ್ತದೆ, ಬೆಳಗಾದ ಮೇಲೆ ಮರ ಅದನ್ನೇ ಕುಡಿಯುತ್ತದೆ.

ತೆಂಗಿಗೆ ಬುಡದಿಂದ ಎಲ್ಲ ಕಡೆಗೂ ಆರಡಿ ದೂರದವರೆಗೆ ಪಾತಿ ಮಾಡಿ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಕೊಡಿ. ಮಳೆಗಾಲದ ಆರಂಭದಲ್ಲಿ ಪಾತಿಯ ಸುತ್ತ ಚರಂಡಿ ತೋಡಿ ತೆಂಗಿನ ಸಿಪ್ಪೆಯನ್ನು ಗುಳಿ ಮೇಲಾಗಿ ಪದರ ಪದರವಾಗಿ ಹೂಳಿ. ಗುಳಿ ಕೆಳಗಾದರೆ ನೀರು ನಿಲ್ಲುವುದಿಲ್ಲ.

ದಾಸವಾಳ ಮಧ್ಯಾಹ್ನ ಬಾಡುತ್ತದೆ, ಸಂಜೆ ಸರಿಹೋಗುತ್ತದೆ. ಮಧ್ಯಾಹ್ನವೂ ನೀರು ಹಾಕಬೇಕೇ?
— ಓದುಗರೊಬ್ಬರು, ಮುಲುಂಡ್

ಬೇಡ. ಬಿಸಿಲಿನಲ್ಲಿ ಎಲೆ ಬಿಡುವಷ್ಟು ವೇಗದಲ್ಲಿ ಬೇರು ನೀರು ಒದಗಿಸಲಾರದು, ಅದಕ್ಕೇ ಬಾಡುವುದು. ಬೆಳಿಗ್ಗೆ ಆರಕ್ಕೆ ನೋಡಿ. ಆಗಲೂ ಜೋತು ಬಿದ್ದಿದ್ದರೆ ಡೊಂಬಿವಲಿಯವರಿಗೆ ಹೇಳಿದ ಕಡ್ಡಿ ಚುಚ್ಚಿ.